ಭಾವ ಹುಡುಕುವ ಮೈಕು

"ಇದು ಬರೀ ಮೈಕಲ್ಲ ಕಣಮ್ಮಾ, ಅಪ್ಪಟ ರಸಿಕ!" ಎಂದು ನನ್ನ ಅಕ್ಕನ ಗಂಡ ಚಂದ್ರಮೌಳಿ ಭಾವ ವೇದಿಕೆಯ ಮೇಲೆ ಎದೆಯುಬ್ಬಿಸಿ ನಿಂತರು.

ಮೈಸೂರಿನ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಹಾಡಲು ನನಗೆ ಸಿಕ್ಕಿದ್ದ ಮೊದಲ ಅವಕಾಶವದು. ಮೈಕಿನ ಹೊಣೆಯನ್ನು ಭಾವ ತಾವೇ ಮೇಲೆಬಿದ್ದು ವಹಿಸಿಕೊಂಡಿದ್ದಾರೆಂದು ತಿಳಿದಾಗಲೇ ನನ್ನ ಪಿತ್ತ ನೆತ್ತಿಗೇರಿತ್ತು!

"ಮಾಮೂಲಿ ಮೈಕು ಎದುರಿಗೆ ನಿಂತವರ ದನಿ ಹಿಡಿಯತ್ತೆ. ಇದು ಹಾಗಲ್ಲ. ಇಡೀ ಸಭೆಯಲ್ಲಿ ಯಾರ ದನಿಯಲ್ಲಿ ಭಾವ ಜಾಸ್ತಿಯೋ ಅವರ ಕಡೆ ತಾನೇ ಕತ್ತು ತಿರುಗಿಸತ್ತೆ!"

"ನಂಗೆ ಮಾಮೂಲಿ ಮೈಕೇ ಕೊಡಿ ಭಾವ."

"ಅದನ್ನ ಬಿಚ್ಚಿ ಇದರೊಳಗೆ ಹಾಕ್ಬಿಟ್ಟೆನಲ್ಲ!"

ಹಲ್ಲು ಕಚ್ಚಿಕೊಂಡು ಆಲಾಪ ಎತ್ತಿಕೊಂಡೆ. ಕೊಕ್ಕರೆ ಕತ್ತಿನ, ಗಾಲಿ ಕಾಲಿನ ಆ ಮೈಕು ಅರೆಗಳಿಗೆ ನನ್ನನ್ನು ಆಲಿಸಿ, ಬೇಸರವಾದಂತೆ ಅಡುಗೆಮನೆಯತ್ತ ಹೊರಳಿತು. ಸಭಾಂಗಣದ ತುಂಬ ಅಡುಗೆ ಭಟ್ಟರ ಗರ್ಜನೆ ಮೊಳಗಿತು: "ಸಾರಿಗೆ ಎರಡೆರಡು ಸಲ ಉಪ್ಪು ಸುರಿದವನು ಯಾವನೋ!"

ಜನ ಗೊಳ್ಳೆಂದರು.

"ಭಾವಾ! ಹಾಡ್ತಿರೋಳು ನಾನು!"

"ಹಾಗಾದ್ರೆ ಸ್ವಲ್ಪ ಮನಸ್ಸಿಟ್ಟು ಹಾಡು. ಯಂತ್ರ ಸುಳ್ಳು ಹೇಳಲ್ಲ!"

ಮೈಯೆಲ್ಲ ಉರಿದುಹೋಯಿತು. ಪಲ್ಲವಿಗೆ ಬಂದೆ. ಮೈಕು ಮುಂದಿನ ಸಾಲಿಗೆ ಬಾಗಿತು. ಸಂಘದ ಅಧ್ಯಕ್ಷರ ಪಿಸುಮಾತು ಗುಡುಗಾಯಿತು: "ಈಯಮ್ಮ ನಿಲ್ಲಿಸೋದು ಯಾವಾಗ್ರೀ? ಹೊಟ್ಟೆ ತಾಳ ಹಾಕ್ತಿದೆ!"

ನನ್ನ ಕಣ್ಣಲ್ಲಿ ನೀರು ಬಂತು. ಭಾವ ಮಾತ್ರ, "ಎಷ್ಟು ಸ್ಪಷ್ಟ ನೋಡು!" ಎಂದು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮೈಕು ಹೆಂಗಸರ ಕಡೆ ತಿರುಗಿತು. ನನ್ನ ಅಕ್ಕ ಪಕ್ಕದವರ ಹತ್ತಿರ ಗೋಳಾಡುತ್ತಿದ್ದಳು: "ಇವರನ್ನ ಕಟ್ಕೊಂಡು ಮಿಕ್ಸಿ ಹೋಯ್ತು, ಫ್ರಿಜ್ ಹೋಯ್ತು. ಒಂದು ಯಂತ್ರನಾದ್ರೂ ನೆಟ್ಟಗೆ ನಡೆದಿದ್ರೆ ಕೇಳಿ!"

ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ಆಫ್ ಮಾಡಲು ಧಾವಿಸಿ ಮೈಕಿನ ಕತ್ತು ಹಿಡಿದರು. ಅದು ಕೊಸರಿಕೊಂಡು ಸ್ಪೀಕರ್ ಪೆಟ್ಟಿಗೆಗೆ ಮುಖ ಮಾಡಿ, ತನ್ನ ದನಿಯನ್ನು ತಾನೇ ಕೇಳಿ, ತಾನೇ ಮೆಚ್ಚಿ, "ಕುಂಯ್ಯ್ಯ್!" ಎಂದು ಚೀರತೊಡಗಿತು. ಜನ ಕಿವಿ ಮುಚ್ಚಿಕೊಂಡರು. ಹಾರ್ಮೋನಿಯಂನವರು ಪೆಟ್ಟಿಗೆ ಎತ್ತಿಕೊಂಡು ಓಡಿದರು!

ನನ್ನ ಸಹನೆಯ ಕಟ್ಟೆ ಒಡೆಯಿತು.

"ಸಾಕು ನಿಲ್ಲಿಸ್ರೀ! ವರ್ಷಗಟ್ಟಲೆ ಕಾದು ಸಿಕ್ಕ ವೇದಿಕೆ ಇದು! ಮೆಣಸಿನ ಕಷಾಯ ಕುಡಿದು ಕುಡಿದು ಗಂಟಲು ಸುಟ್ಟುಕೊಂಡಿದ್ದೀನಿ! ಹಾಡಿಗೆ ಭಾವ ಬೇಕು, ನಿಜ. ಆದ್ರೆ ಇಂಥಾ ಭಾವ ಬೇಡ!"

ಚೀರಾಟ ಥಟ್ಟನೆ ನಿಂತಿತು. ಮೈಕು ಮೆಲ್ಲಗೆ ನನ್ನತ್ತ ತಿರುಗಿ, ತಲೆ ಬಾಗಿಸಿ, ನನ್ನ ಒಂದೊಂದು ಬೈಗುಳವನ್ನೂ ಬೀದಿಗೆಲ್ಲ ಕೇಳಿಸಿತು. ಅಧ್ಯಕ್ಷರನ್ನೂ ನಾನು ಬಿಡಲಿಲ್ಲ. ಮಾತು ಮುಗಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೋಪದಿಂದ ಇಳಿದು ಹೊರಟರೆ, ಮೈಕು ತನ್ನ ಗಾಲಿಗಳ ಮೇಲೆ ಉರುಳುತ್ತ ಊಟದ ಪಂಕ್ತಿಯವರೆಗೂ ಹಿಂದೆಯೇ ಬಂತು!

ಮರುದಿನ ಅಧ್ಯಕ್ಷರು ಪ್ರಶಸ್ತಿಪತ್ರ ಕಳಿಸಿಕೊಟ್ಟರು. ಅದರಲ್ಲಿ 'ಗಾಯನ' ಎಂದಿದ್ದುದನ್ನು ಹೊಡೆದುಹಾಕಿ, 'ಭಾಷಣ' ಎಂದು ತಿದ್ದಿದ್ದರು.