ಸೀರೆಯ ಮೇಲಿನ ಅಂಗಿ

ಬೆಳಿಗ್ಗೆ ಬನಿಯನ್ ಮತ್ತು ಪಟ್ಟೆಪಟ್ಟೆ ಚಡ್ಡಿಯಲ್ಲಿ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ನೀವು ಬಾಗಿಲು ತೆರೆದ ಕ್ಷಣದಲ್ಲಿ ಅಪರಿಚಿತರೊಬ್ಬರು ನಿಮ್ಮ ಫೋಟೋ ತೆಗೆದು, ಅದನ್ನು ಆಳೆತ್ತರಕ್ಕೆ ಹಿಗ್ಗಿಸಿ, ನಿಮ್ಮ ಬೀಗರು ಓಡಾಡುವ ರಸ್ತೆಯ ಅಂಗಡಿಯೊಂದರ ಗಾಜಿನ ಹಿಂದೆ ನಿಲ್ಲಿಸಿ, ಕೆಳಗೆ ‘ಈ ಬೇಸಿಗೆಯ ಹೊಸ ಶೈಲಿ’ ಎಂದು ಬರೆದರೆ ನೀವು ಸಂತೋಷಪಡುತ್ತೀರಾ? ಮಾನ್ಯ ಓದುಗರೇ, ಉತ್ತರಿಸುವ ಮುನ್ನ ದಯವಿಟ್ಟು ಚಡ್ಡಿಯನ್ನು ಸ್ಪಷ್ಟವಾಗಿ ಕಣ್ಮುಂದೆ ತಂದುಕೊಳ್ಳಿ.

ನಾನು ಕೋಪದಲ್ಲಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ದಾವಣಗೆರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನನ್ನನ್ನು ತಯಾರು ಮಾಡಿದ ಮೇಷ್ಟ್ರು, ಕೋಪವನ್ನು ಮೂರು ಅಂಶಗಳಾಗಿ ವಿಂಗಡಿಸಿದರೆ ಅದು ವಾದವಾಗುತ್ತದೆ ಎಂದು ಕಲಿಸಿದ್ದರು. ಅಂದಿನಿಂದ ನನಗೆ ಕೋಪ ಬರುವುದೇ ಮೂರು ಅಂಶಗಳಲ್ಲಿ. ಕಾಲೇಜಿನಲ್ಲಿ ಸಮಯ ಮುಗಿದರೆ ಗಂಟೆ ಬಾರಿಸುತ್ತಿದ್ದರು. ಸಂಸಾರದಲ್ಲಿ ಗಂಟೆಯಿಲ್ಲ, ಕುಕ್ಕರಿನ ಸೀಟಿಯಿದೆ. ನನ್ನ ಎಷ್ಟೋ ಅಮೂಲ್ಯವಾದ ಮೂರನೆಯ ಅಂಶಗಳು ಆ ಸೀಟಿಯಲ್ಲಿ ಮುಳುಗಿಹೋಗಿವೆ. ವರದಕ್ಷಿಣೆಯ ವಿರುದ್ಧ, ಮೌಢ್ಯದ ವಿರುದ್ಧ, ಆಫೀಸಿನ ಕ್ಯಾಂಟೀನಿನಲ್ಲಿ ಅನ್ನ ಚೆಲ್ಲುವವರ ವಿರುದ್ಧ ನಾನು ಮಾತಾಡಿದ್ದೇನೆ. ಆದರೆ ಸಮಾಜ ಸುಧಾರಣೆಯ ಅಗತ್ಯ ನನ್ನ ಮನೆಯ ಊಟದ ಮೇಜಿನ ಮೇಲೆಯೇ, ಲ್ಯಾಪ್‌ಟಾಪಿನ ರೂಪದಲ್ಲಿ, ತೆರೆದುಕೊಳ್ಳುತ್ತದೆ ಎಂದು ಊಹಿಸಿರಲಿಲ್ಲ.

ನನ್ನ ಹೆಂಡತಿ ಸುಮನಾ ಮೈಸೂರಿನವಳು. ನನ್ನಂತೆಯೇ ತೆಲುಗರ ರಾಜಧಾನಿಯಲ್ಲಿ, ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದರ ಉದ್ಯೋಗಿ. ಆನ್‌ಸೈಟ್‌ಗೆಂದು ಅಮೆರಿಕಕ್ಕೆ ಹೋದ ಸಹೋದ್ಯೋಗಿಗಳಿಂದ ಚಾಕೊಲೇಟ್ ತರಿಸುವ ಕಾಲ ಮುಗಿದು, ಕ್ಯಾಮೆರಾದ ಲೆನ್ಸ್ ತರಿಸುವ ಕಾಲ ಆಗ ಬಂದಿತ್ತು. ನಮ್ಮ ಪರಿಚಯದ ಪ್ರತಿಯೊಬ್ಬರಿಗೂ ಒಂದೊಂದು ಬ್ಲಾಗು. ಒಬ್ಬರು ತಾವು ತಿಂದದ್ದನ್ನು ಬರೆಯುತ್ತಿದ್ದರು, ಇನ್ನೊಬ್ಬರು ತಮ್ಮ ಮಗು ತಿನ್ನದೇ ಇದ್ದುದನ್ನು ಬರೆಯುತ್ತಿದ್ದರು. ಸುಮನಾ ಆರಿಸಿಕೊಂಡದ್ದು ಬೀದಿಯ ಉಡುಪು. ರಸ್ತೆಯಲ್ಲಿ ನಡೆದುಹೋಗುವ ಸಾಮಾನ್ಯರು ಏನನ್ನು ಹೇಗೆ ತೊಟ್ಟಿದ್ದಾರೆಂದು ಚಿತ್ರ ತೆಗೆದು, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಲೋಕಕ್ಕೆ ಒಪ್ಪಿಸುವುದು. ಭಾನುವಾರ ನಾನು ಹಳೆಯ ಪುಸ್ತಕಕ್ಕೆಂದು ಕೋಠಿಗೆ ಹೊರಟರೆ ಅವಳೂ ಬರುತ್ತಿದ್ದಳು. ಪುಸ್ತಕದಂಗಡಿಯನ್ನು ನಾನು ತಲುಪುವ ಮೊದಲೇ ನನ್ನ ಹೆಗಲಿಗೆ ಕ್ಯಾಮೆರಾದ ಚೀಲ ತಲುಪುತ್ತಿತ್ತು.

ಬೇಗಂ ಬಜಾರಿನಲ್ಲಿ ಮೆಣಸಿನಕಾಯಿಯ ಮೂಟೆ ಹೊರುವ ಹಮಾಲರೊಬ್ಬರು ಗೋಣಿಚೀಲವನ್ನು ಮಡಚಿ ತಲೆಗೆ ಕುಲಾವಿಯಂತೆ ಹಾಕಿಕೊಂಡಿದ್ದರು. ಮರುದಿನ ಅವರು ಬ್ಲಾಗಿನಲ್ಲಿದ್ದರು, ಪ್ಯಾರಿಸ್ಸಿನ ರೂಪದರ್ಶಿಯೊಬ್ಬಳ ಟೊಪ್ಪಿಗೆಯೊಂದಿಗೆ ಹೋಲಿಕೆಗೊಳಪಟ್ಟು. “ಅವರನ್ನು ಕೇಳಿದೆಯಾ?” ಎಂದೆ.

“ಕ್ಯಾಂಡಿಡ್ ಅಂದ್ರೆ ಕೇಳದೆ ತೆಗೆಯೋದು ಕಣ್ರೀ,” ಎಂದಳು. “ಕೇಳಿದ್ರೆ ಎಲ್ರೂ ರೇಷನ್ ಕಾರ್ಡ್ ಫೋಟೋಗೆ ನಿಂತ ಹಾಗೆ ನಿಲ್ತಾರೆ.”

“ಹಾಗಾದರೆ ಮಾಲ್‌ನಲ್ಲಿ ಆ ಕೆಂಪು ಬೂಟಿನ ಹುಡುಗಿಯನ್ನು ಎರಡು ಸಲ ಕೇಳಿದೆಯಲ್ಲ? ಹೆಸರು ಹೇಗೆ ಬರೆಯಬೇಕೆಂದೂ ಕೇಳಿದೆ.”

“ಅವ್ಳು ಬ್ಲಾಗ್ ಓದ್ತಾಳೆ, ಅಲ್ವಾ?”

ನನ್ನ ಕೋಪದ ಬುಡ ಇಲ್ಲಿದೆ. ಇಂಗ್ಲಿಷ್ ಬಲ್ಲವರಿಗೆ ಅನುಮತಿಯ ಕೋರಿಕೆ, ಬಾರದವರಿಗೆ ಕ್ಯಾಂಡಿಡ್. ಒಬ್ಬರು ಮನುಷ್ಯರು, ಇನ್ನೊಬ್ಬರು ದೃಶ್ಯ. ಇದನ್ನು ನಾನು ಮೂರು ಅಂಶಗಳಲ್ಲಿ ಮಂಡಿಸಿದೆ. ಕುಕ್ಕರು ಕೂಗಿತು.

ಆಮೇಲೆ ಹಿಮಾಯತ್‌ನಗರದ ಚಿತ್ರ ಬಂತು. ಅಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟುತ್ತಿದ್ದರು. ಚಹಾದ ವೇಳೆಯಲ್ಲಿ ಹೆಂಗಸೊಬ್ಬಳು ಜೊತೆಗಾರ್ತಿಯ ಯಾವುದೋ ತಮಾಷೆಗೆ ಬಾಯ್ತುಂಬ ನಗುತ್ತಿದ್ದಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಗುಂಡಿಗಳೆಲ್ಲ ಹಾಕಿದ್ದು. ಕಟ್ಟಡದ ಕೆಲಸದ ಹೆಂಗಸರು ಹೀಗೆ ಗಂಡನದೋ ಅಣ್ಣನದೋ ಅಂಗಿ ತೊಡುವುದನ್ನು ನೀವೂ ನೋಡಿರುತ್ತೀರಿ. ಸಿಮೆಂಟು ಸೀರೆಯನ್ನು ತಿನ್ನಬಾರದು, ಬಿಸಿಲು ತೋಳನ್ನು ಸುಡಬಾರದು, ಬಾಂಡ್ಲಿ ಎತ್ತುವಾಗ ಸೆರಗು ಸರಿದರೆ ಕೆಳಗೆ ನಿಂತವರ ಕಣ್ಣಿಗೆ ಕೆಲಸ ಸಿಗಬಾರದು, ಅದಕ್ಕಾಗಿ ಆ ಅಂಗಿ. ಸುಮನಾ ಬರೆದಳು: ‘ಪದರಗಳ ಚೆಲುವು. ಗಂಡನ ಕಪಾಟಿನಿಂದ ಕದ್ದದ್ದು.’ ಕಪಾಟು! ತಗಡಿನ ಶೆಡ್ಡಿನಲ್ಲಿ ಮೊಳೆಯೊಂದಕ್ಕೆ ನೇತುಬೀಳುವ ಬಟ್ಟೆಗೆ ನನ್ನ ಹೆಂಡತಿ ಕಪಾಟನ್ನು ದಯಪಾಲಿಸಿದ್ದಳು. ಇಟಲಿಯಿಂದ ಯಾರೋ ಅಂಗಿ ಎಲ್ಲಿ ಸಿಗುತ್ತದೆಂದು ಕೇಳಿದರು. ಹತ್ತಾರು ಬ್ಲಾಗುಗಳು ಚಿತ್ರವನ್ನು ಎತ್ತಿಕೊಂಡು ತಮ್ಮಲ್ಲಿಯೂ ಹಾಕಿದವು. ಅದೇ ರಸ್ತೆಯಲ್ಲಿದ್ದ ಉಡುಪಿನ ಅಂಗಡಿಯೊಂದು, ಚಿತ್ರವನ್ನು ಶೋಕೇಸಿನಲ್ಲಿಡಲು ಸುಮನಾಳ ಅನುಮತಿ ಕೇಳಿ ಮೇಲ್ ಕಳುಹಿಸಿತು. ಅವಳು ಹಿಗ್ಗಿ ಒಪ್ಪಿಕೊಂಡಳು.

ಮುಂದಿನ ಭಾನುವಾರ ನೋಡಲು ಹೋದೆವು. ಗಾಜಿನ ಹಿಂದೆ ಆ ನಗು ಆಳೆತ್ತರವಾಗಿತ್ತು. ಪಕ್ಕದಲ್ಲಿ ಗೊಂಬೆಯೊಂದು ಕೈಮಗ್ಗದ ಸೀರೆಯ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿತ್ತು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಫುಟ್‌ಪಾತಿನ ಮೇಲೆ, ಅಚ್ಚ ಕನ್ನಡದಲ್ಲಿ, ಮೊದಲನೆಯ ಅಂಶವನ್ನು ಆರಂಭಿಸಿದೆ. “ರಸ್ತೇಲಿ ಭಾಷಣ ಬೇಡ ಕಣ್ರೀ, ಎಲ್ಲಾ ನೋಡ್ತಿದಾರೆ,” ಎಂದಳು ಸುಮನಾ.

ನೋಡುತ್ತಿದ್ದವಳು ಒಬ್ಬಳೇ. ಎದುರಿನ ಅರೆಕಟ್ಟಿದ ಕಾಂಪ್ಲೆಕ್ಸಿನಿಂದ ಹೊರಟ ಆಕೆ ಆಟೋಗಳ ನಡುವೆ ರಸ್ತೆ ದಾಟುತ್ತಲೇ ಒಂದೊಂದಾಗಿ ಗುಂಡಿ ಬಿಚ್ಚಿ ಅಂಗಿಯನ್ನು ತೆಗೆದಳು, ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು, ತಲೆಯ ತುಂಬ ಸೆರಗು ಹೊದ್ದಳು, ಆಮೇಲೆ ನಮ್ಮ ಮುಂದೆ ಬಂದು ನಿಂತಳು. ಅವಳನ್ನು ಶರಣಮ್ಮ ಎಂದು ಕರೆಯುತ್ತೇನೆ, ನಿಜವಾದ ಹೆಸರಲ್ಲ.

“ಅಣ್ಣಾರ, ಕನ್ನಡದವ್ರದೀರೇನ್ರೀ?”

“ಹೌದು ತಾಯಿ. ನಿಮ್ಮದು ಯಾವ ಊರು?”

“ಯಾದಗಿರಿ ಕಡಿ. ಊರಿನ ಮಾತ್ ಆಮ್ಯಾಲ ರೀ. ಆ ಕಾಜಿನ್ಯಾಗ ನಿಂತಾಕಿ ನಾನಽ. ಯಾವ ಭಾಡ್ಯಾ ಹೊಡದಾನೋ ಈ ಫೋಟೋ, ಅವನ ಕ್ಯಾಮೆರಾಕ್ಕ ಹುಳಾ ಬೀಳ್ಲಿ!”

ಸುಮನಾ ಕ್ಯಾಮೆರಾದ ಚೀಲವನ್ನು ಮೆಲ್ಲನೆ ನನ್ನ ಹೆಗಲಿಗೆ ವರ್ಗಾಯಿಸಿದಳು. ಶರಣಮ್ಮನ ದೃಷ್ಟಿ ಚೀಲವನ್ನು ಹಿಂಬಾಲಿಸಿ ನನ್ನ ಮುಖಕ್ಕೆ ಬಂತು. “ನೀವಽ ಏನ್ರೀ ಆ ಭಾಡ್ಯಾ?” ಅನ್ಯಾಯದ ವಿರುದ್ಧ ದನಿಯೆತ್ತಿದ ಮನುಷ್ಯನಿಗೆ ಇಂಥ ಪ್ರಶ್ನೆ ಎದುರಾದಾಗ ಯಾವ ಅಂಶವೂ ನೆನಪಿಗೆ ಬರುವುದಿಲ್ಲ.

“ನಾನಮ್ಮಾ ತೆಗೆದಿದ್ದು,” ಎಂದಳು ಸುಮನಾ, ಕೊನೆಗೂ.

“ನೀವಾ?” ಶರಣಮ್ಮನ ಗಂಟಲು ಇನ್ನೂ ಏರಿತು. “ಹೆಣ್ಮಗಳಾಗಿ ಒಂದ್ ಮಾತ್ ಕೇಳಾಕ ಏನಾಗಿತ್ರೀ ಅಕ್ಕಾರ? ಕೇಳಿದ್ರ ಅಂಗಿ ಬಿಚ್ಚಿ, ಸೆರಗ ಹೊತ್ಕೊಂಡು ನೆಟ್ಟಗ ನಿಂದರ್ತಿದ್ದೆ. ನಾವು ಬಸ್ಸಿಗೂ ಈ ಅಂಗಿ ತೊಟ್ಟು ಹತ್ತಂಗಿಲ್ಲ! ನಾಳಿ ಬೀಗರು ಬರಾಕತ್ತಾರ. ಮಗಳ ಲಗ್ನದ ಜವಳಿಗೆ ಕೋಠಿಗೆ ಹೊಂಟೀವಿ, ನನ್ನ ಕರಕೊಂಡ್ ಹೋಗಾಕ ಇಲ್ಲಿಗೇ ಬರ್ತಾರ. ರೊಕ್ಕಾ ಇಸ್ಕೊಂಡು, ಗಂಡಸ್ರ ಅಂಗಿ ತೊಟ್ಕೊಂಡು, ಹಲ್ಲ ಕಿಸ್ಕೊಂಡು ಅಂಗಡ್ಯಾಗ ನಿಂತಾಳ ಅಂದ್ರ ಏನ್ ಹೇಳ್ಲಿ? ಆ ಬೀಗತಿ ಮೊದಲಽ ತಪ್ಪ್ ಹುಡುಕಾಕ ಕುಂತಾಳ. ಸಂಬಂಧ ಮುರದ್ರ ನೀವ್ ಕಟ್ಟಿಕೊಡ್ತೀರೇನು?”

ನಾನು ಅಂಗಡಿಯೊಳಗೆ ನುಗ್ಗಿದೆ. ಮಾಲೀಕರು ಸೋಫಾದಲ್ಲಿ ಕುಳಿತು ಬಟನ್ನುಗಳ ಮಾದರಿ ನೋಡುತ್ತಿದ್ದರು. ಆ ಚಿತ್ರವನ್ನು ಈಗಲೇ ತೆಗೆಯಬೇಕೆಂದೆ. “ಪರ್ಮಿಷನ್ ಲಿಯೇ ನಾ ಸಾಬ್,” ಎಂದು ಅವರು ತಮ್ಮ ಫೋನಿನಲ್ಲಿ ಸುಮನಾಳ ಮೇಲ್ ತೋರಿಸಿದರು. ಚಿತ್ರದಲ್ಲಿರುವಾಕೆಯನ್ನು ಕೇಳಿದಿರಾ ಎಂದೆ. ಅವರು ಗಾಜಿನಾಚೆ ನಿಂತಿದ್ದ ಶರಣಮ್ಮನನ್ನು, ಇವರನ್ನೂ ಕೇಳಬೇಕಿತ್ತೇ ಎಂಬ ನಿಜವಾದ ಆಶ್ಚರ್ಯದಿಂದ ನೋಡಿದರು. “ಉನ್ಕೋ ಭೀ ಪೂಛ್‌ನಾ ಥಾ ಕ್ಯಾ?”

ಆ ಆಶ್ಚರ್ಯವನ್ನು ನಾನು ಸಾಯುವವರೆಗೂ ಕ್ಷಮಿಸಲಾರೆ. ಅದರಲ್ಲಿ ದುಷ್ಟತನದ ಲವಲೇಶವೂ ಇರಲಿಲ್ಲ, ಇದ್ದಿದ್ದರೆ ಜಗಳವಾಡಬಹುದಿತ್ತು. ಕುರ್ಚಿಯ ಚಿತ್ರ ತೆಗೆದವನಿಗೆ ಕುರ್ಚಿಯನ್ನು ಕೇಳಿದೆಯಾ ಎಂದರೆ ಅವನು ಹೇಗೆ ನೋಡಬಹುದೋ ಹಾಗೆ ನೋಡಿದರು. ಹಿಂದಿ, ಇಂಗ್ಲಿಷ್ ಮತ್ತು ನನ್ನ ಮುರುಕು ತೆಲುಗಿನಲ್ಲಿ ನಾನು ಹೇಳತೊಡಗಿದೆ: ಮೊದಲನೆಯದಾಗಿ, ಒಬ್ಬರ ಮುಖದ ಮೇಲಿನ ಹಕ್ಕು ಅದನ್ನು ಸೆರೆಹಿಡಿದವರದ್ದಲ್ಲ. ಎರಡನೆಯದಾಗಿ, ಬಡತನ ಉಡುಪಿನ ಶೈಲಿಯಲ್ಲ. “ಸೀಜನ್ ಹೋ ಜಾನೇ ದೋ ಸಾಬ್, ನಿಕಾಲ್ ದೇತೇ,” ಎಂದು ಅವರು, ಸೀಜನ್ ಮುಗಿದ ಮೇಲೆ ತೆಗೆಯುವುದಾಗಿ ಸಮಾಧಾನ ಹೇಳಿದರು. ಮೂರನೆಯ ಅಂಶಕ್ಕೆ ನಾನು ಉಸಿರೆಳೆದುಕೊಂಡಾಗ ಅವರು ಎದ್ದು ನಿಂತು ಕೂಗಿದರು, “ಅಯ್ಯೋ ಮೇಡಂ, ಏಂ ಚೇಸ್ತುನ್ನಾರು!” ನನ್ನ ವಾದ ಕೊನೆಗೂ ನಾಟಿತೆಂದು ಒಂದು ಕ್ಷಣ ಭಾವಿಸಿದೆ. ಆದರೆ ಅವರು ನೋಡುತ್ತಿದ್ದುದು ನನ್ನ ಬೆನ್ನ ಹಿಂದೆ. ಸುಮನಾ ಚಪ್ಪಲಿ ಕಳಚಿ ಶೋಕೇಸಿನೊಳಗೆ ಹತ್ತಿ, ಗೊಂಬೆಯನ್ನು ಪಕ್ಕಕ್ಕೆ ಸರಿಸಿ, ಆಳೆತ್ತರದ ರಟ್ಟನ್ನು ಕಿತ್ತು ತೆಗೆದು, ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಂಡಿದ್ದೇನೆಂದು ಇಂಗ್ಲಿಷಿನಲ್ಲಿ ಹೇಳಿ, ಬಾಗಿಲಿನಿಂದ ಹೊರಗೆ ನಡೆದಳು.

ಶರಣಮ್ಮ ತನ್ನ ಚಿತ್ರವನ್ನು ಒಂದು ಗಳಿಗೆ ನೋಡಿದಳು. “ಸೀರಿ ಏನೋ ಚಂದ ಬಂದೈತಿ ಬಿಡ್ರಿ,” ಎಂದು, ರಟ್ಟನ್ನು ಮೊಣಕಾಲಿಗೆ ಕೊಟ್ಟು ಮುರಿದಳು. ನಾನು ಇನ್ನೂ ಒಳಗಿದ್ದೆ. ಮೂರನೆಯ ಅಂಶ ಬಾಕಿಯಿತ್ತಲ್ಲ. ಅವಳು ಸುಮನಾಳಿಗೆ ಹೇಳಿದ್ದು ಗಾಜಿನ ಬಾಗಿಲಿನ ಸಂದಿಯಿಂದ ನನಗೆ ಸ್ಪಷ್ಟವಾಗಿ ಕೇಳಿಸಿತು: “ನಿಮ್ಮ ಯಜಮಾನ್ರನ್ನ ಹೊರಗ ಕರೀರಿ ಅಕ್ಕಾರ. ಪಾಪ, ಭಾಳ ಹೊತ್ತಾತು, ಬಾಯಿ ಒಣಗಿರ್ತೈತಿ.”

ಮರುದಿನ ಬೀಗರು ಬಂದರು, ಜವಳಿ ಕೊಂಡರು, ತಪ್ಪು ಹುಡುಕುವ ಬೀಗತಿಗೆ ಸೀರೆಯ ಅಂಚಿನಲ್ಲಿ ಬೇಕಾದಷ್ಟು ತಪ್ಪು ಸಿಕ್ಕಿತಂತೆ. ಸುಮನಾ ಅಂದೇ ಚಿತ್ರವನ್ನು ಬ್ಲಾಗಿನಿಂದ ಅಳಿಸಿದ್ದಳು. ಈಗ ಅವಳು ಯಾರನ್ನೇ ಆದರೂ ಕೇಳಿಯೇ ತೆಗೆಯುತ್ತಾಳೆ. ಎಲ್ಲರೂ ರೇಷನ್ ಕಾರ್ಡಿಗೆ ನಿಂತಂತೆಯೇ ನಿಲ್ಲುತ್ತಾರೆ, ಬ್ಲಾಗಿಗೆ ಓದುಗರು ಕಡಿಮೆಯಾಗಿದ್ದಾರೆ, ಅದರ ಹೊಣೆಯನ್ನು ನಾನು ಹೊತ್ತಿದ್ದೇನೆ, ಕ್ಯಾಮೆರಾದ ಚೀಲದ ಜೊತೆಗೆ.

ಆದರೆ ಎತ್ತಿಕೊಂಡು ಹೋದ ಆ ಹತ್ತಾರು ಬ್ಲಾಗುಗಳು ಚಿತ್ರವನ್ನು ಕೆಳಗಿಳಿಸಿಲ್ಲ. ನಾನು ಪ್ರತಿಯೊಂದಕ್ಕೂ ಸುದೀರ್ಘವಾಗಿ ಬರೆದೆ; ಒಂದರಿಂದ ಮಾತ್ರ ಉತ್ತರ ಬಂತು, ವಾಕ್ಯಗಳನ್ನು ಗಿಡ್ಡ ಮಾಡಿರೆಂಬ ಸಲಹೆಯೊಂದಿಗೆ. ಮದುವೆ ಇನ್ನೂ ಆಗಿಲ್ಲ. ಶರಣಮ್ಮನ ಅಳಿಯನಾಗುವ ಹುಡುಗ ಇಡೀ ದಿನ ಕೂರುವುದು ಕೋಠಿಯ ಇಂಟರ್‌ನೆಟ್ ಅಂಗಡಿಯಲ್ಲಿ, ಕಂಪ್ಯೂಟರಿನ ಮುಂದೆ. ಅದಕ್ಕಾಗಿಯೇ ಈ ಬರಹ. ಬರೆಯಬಹುದೇ ಎಂದು ಶರಣಮ್ಮನನ್ನೇ ಹೋಗಿ ಕೇಳಿದೆ. “ಬರೀರಿ, ಆದ್ರ ಹೆಸರ ಬ್ಯಾಡ, ಅಂಗಿ ಬಣ್ಣಾ ಬ್ಯಾಡ. ಮತ್ತ ಸಣ್ಣದು ಬರೀರಿ, ಮಂದಿ ಮುಗಿಯೂತನಾ ಓದಬೇಕಲ್ರೀ,” ಎಂದಳು. ಮೊದಲೆರಡು ಷರತ್ತುಗಳನ್ನು ಪಾಲಿಸಿದ್ದೇನೆ.

ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ನಗುವ ಹೆಂಗಸೊಬ್ಬಳ ಚಿತ್ರ ನಿಮ್ಮ ಮೇಲ್‌ಗೆ ಬಂದರೆ ಮುಂದಕ್ಕೆ ಕಳುಹಿಸಬೇಡಿ, ಅಳಿಸಿಹಾಕಿ. ನಿಮ್ಮ ಬ್ಲಾಗಿನಲ್ಲಿದ್ದರೆ ಇಂದೇ ತೆಗೆಯಿರಿ.