ಮೀಸೆಗೆ ಬಂದ ಐದನೆಯ ನಡೆ

ಈ ಸಲ ಚೆಸ್ ಫೈನಲ್‌ನಲ್ಲಿ ಸ್ಟೋರ್‌ಕೀಪರನಿಗೆ ಮಣ್ಣು ಮುಕ್ಕಿಸದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಇಡೀ ಆಫೀಸಿನ ಮುಂದೆ ಘರ್ಜಿಸಿಬಿಟ್ಟೆ! ಮೂರು ವರ್ಷದಿಂದ ಆ ಮಹಾಶಯನ ಕೈಯಲ್ಲೇ ನನಗೆ ಸೋಲು. ಆದರೆ ಅವನ ಗುಟ್ಟು ಹಿಡಿದಿದ್ದೆ. ಬಿಳಿ ಕಾಯಿ ಸಿಕ್ಕರೆ ಅವನ ಮೊದಲ ಐದು ನಡೆ ಮಗ್ಗಿ ಒಪ್ಪಿಸಿದ ಹಾಗೆ, ಬದಲಾಗುವುದೇ ಇಲ್ಲ. ಈ ಸಲ ಬಿಳಿ ಅವನದೇ!

ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಬೋರ್ಡ್ ಹಾಸಿ, ಅವನ ಮೊದಲ ನಡೆ ಇಟ್ಟು, ಉತ್ತರ ಯೋಚಿಸುತ್ತಾ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಕರಿ ಪದಾತಿಯೊಂದು ಎರಡು ಮನೆ ಮುಂದೆ ನಿಂತಿದೆ!

“ಲೇ, ಬೋರ್ಡ್ ಮುಟ್ಟಿದ್ಯಾ?”

“ನನಗೇನು ಬೇರೆ ಕೆಲಸ ಇಲ್ವಾ?” ಎಂದಳು ಹೆಂಡತಿ, ಅಡುಗೆಮನೆಯಿಂದ.

ಅದೂ ಸರಿಯೇ. ಆನೆಗೂ ಒಂಟೆಗೂ ವ್ಯತ್ಯಾಸ ತಿಳಿಯದವಳು ಎಂದೇ ನನ್ನ ನಂಬಿಕೆ. ದಿನಕ್ಕೊಂದರಂತೆ ಅವನ ಮುಂದಿನ ನಡೆ ಇಟ್ಟು ಸ್ನಾನಕ್ಕೆ ಹೋದರೆ ಭಾನುವಾರ, ಸೋಮವಾರ, ಮಂಗಳವಾರವೂ ಇದೇ ಕಥೆ. ನಾನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಕರಿಯ ಉತ್ತರ ಸಿದ್ಧ. ಅದೂ ಎಂಥ ಉತ್ತರ! ಬಿಳಿ ಸೇನೆಗೆ ಉಸಿರಾಡಲೂ ಜಾಗವಿಲ್ಲ. ಗೋಡೆಯ ಮೇಲಿದ್ದ ದಿವಂಗತ ಮಾವನವರ ಫೋಟೋ ನೋಡಿದೆ. ಬದುಕಿದ್ದಾಗ ಚೆಸ್ಸಿನ ಹುಚ್ಚರು. ಇದು ಅವರದೇ ಕೆಲಸವೇ?

ಬುಧವಾರ ಹೆಂಡತಿ ಅವಳ ಅಕ್ಕನ ಮನೆಯಲ್ಲಿದ್ದಳು. ಬಾಗಿಲಿಗೆ ಒಳಗಿನಿಂದ ಚಿಲಕ, ಮನೆಯಲ್ಲಿ ನಾನೊಬ್ಬನೇ. ಅವನ ಐದನೆಯ ನಡೆ ಇಟ್ಟು ಸ್ನಾನಕ್ಕಿಳಿದಿದ್ದೆ, ಬಚ್ಚಲಿನೊಳಗೇ ಕೇಳಿಸಿತು: ಟಕ್. ಸೋಪಿನ ನೊರೆಯಲ್ಲೇ ಟವೆಲ್ ಸುತ್ತಿಕೊಂಡು ಓಡಿ ಬಂದೆ. ಕರಿ ಕುದುರೆ ಬೋರ್ಡಿನ ಅಂಚಿಗೆ ಹೋಗಿ ನಿಂತಿದೆ. ಮುಟ್ಟಿದೆ. ಬೆಚ್ಚಗಿತ್ತು! ನೇರ ಹೋಗಿ ಫೋಟೋದ ಮುಂದೆ ತಲೆಬಾಗಿದೆ.

“ಮಾವ, ಅಳಿಯನ ಮೀಸೆ ನಿಮ್ಮ ಕೈಯಲ್ಲಿ!”

ಗುರುವಾರ ಫೈನಲ್. ನಾಲ್ಕೇ ನಡೆಗೆ ಸ್ಟೋರ್‌ಕೀಪರನ ಹಣೆಯಲ್ಲಿ ಬೆವರು. ಐದನೆಯದಾಗಿ ಕುದುರೆಯನ್ನು ಅಂಚಿಗೆ ಹಾರಿಸಿದೆ. ಅವನು ನಕ್ಕ. ಹತ್ತನೆಯ ನಡೆಗೆ ನನ್ನ ರಾಜ ಮಟಾಷ್! ಮುಂದಿನ ಹತ್ತು ನಿಮಿಷದಲ್ಲಿ ಮೀಸೆಯೂ ಹೋಯಿತು.

ಬಾಗಿಲು ತೆರೆದ ಹೆಂಡತಿ ಚೀರಿದಳು. “ಅಯ್ಯೋ, ಯಾರು ನೀವು?”

“ನಿನ್ನ ಗಂಡ ಕಣೇ! ನಿಮ್ಮಪ್ಪ ತೋರಿಸಿಕೊಟ್ಟ ಹಾಗೇ ಆಡಿ ಸೋತೆ!”

ಕಾಯಿ ತಾನಾಗೇ ನಡೆದ ವಿಷಯ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. “ಅಪ್ಪ ಅಲ್ಲ ರೀ, ನಾನು! ನಿಮ್ಮ ಒದ್ದಾಟ ನೋಡಲಾರದೆ ಕಾಯಿ ನಡೆಸ್ತಿದ್ದೆ. ನಾಲ್ಕೂ ನಂದೇ.”

“ಮತ್ತೆ ಬುಧವಾರ ಅಂಚಿಗೆ ಹಾರಿದ ಕುದುರೆ?”

ಅವಳ ನಗು ನಿಂತಿತು. ಮೆಲ್ಲಗೆ ಫೋಟೋದ ಕಡೆ ತಿರುಗಿದಳು.

“ಕುದುರೆ… ಅಂಚಿಗಾ? ಅದು ಅಪ್ಪನ ಚಾಳಿ. ಕೊನೇವರೆಗೂ ಅದೇ ನಡೆ ಇಟ್ಟು ನನ್ನ ಹತ್ರ ಸೋಲ್ತಿದ್ರು. ಅವರಿಗೆ ಸತ್ತ ಮೇಲೂ ಬುದ್ಧಿ ಬಂದಿಲ್ಲ, ಹೋಗ್ಲಿ. ಬದುಕಿರೋ ನಿಮಗೇನಾಗಿತ್ತು ರೀ?”