ಗೋಲಗುಮ್ಮಟದಲ್ಲಿ ಬೀಗರ ಮಹಾಸಮರ

ಕೃತಯುಗದಲ್ಲಿ ಸಮುದ್ರವನ್ನು ಕಡೆದರು. ತ್ರೇತೆಯಲ್ಲಿ ಅದಕ್ಕೆ ಸೇತುವೆ ಕಟ್ಟಿದರು. ದ್ವಾಪರದಲ್ಲಿ ಅದರ ನಡುವೆ ಪಟ್ಟಣ ಕಟ್ಟಿ ಮುಳುಗಿಸಿದರು. ಕಲಿಯುಗದಲ್ಲಿ ಅದಕ್ಕೆ ಬೆನ್ನು ತಿರುಗಿಸಿ ನಿಂತು ಸೆಲ್ಫಿ ತೆಗೆದುಕೊಂಡರು. ಇಂಥ ಬೆನ್ನು ತಿರುಗಿಸುವ ಯುಗದಲ್ಲಿಯೂ, ನೋಡತಕ್ಕದ್ದನ್ನು ಎದುರುಬದುರು ನಿಂತು ನೋಡಿಯೇ ತೀರುವೆವೆಂದು ಟೊಂಕ ಕಟ್ಟಿ ಹೊರಟ ಇಬ್ಬರು ವೀರರ ಕಥೆಯನ್ನು ಹೇಳುತ್ತೇನೆ. ಎಲೌ ವಾಗ್ದೇವಿ, ಹಂಸವನ್ನು ಹೊರಗೆ ಕಟ್ಟಿ ಒಳಗೆ ಬಾ. ಮಕ್ಕಳು ಈಗತಾನೆ ಮಲಗಿವೆ. ವೀಣೆಯನ್ನು ಮಾತ್ರ ಮೆಲ್ಲಗೆ ಮೀಟು.

ಗುಮ್ಮಟಮಂಡಿತವೂ ಮಿನಾರಶತಶೋಭಿತವೂ ಟಾಂಗಾಟಂಟಂಸಂಕುಲವೂ ಆದ ವಿಜಯಪುರವೆಂಬ ನಗರದಲ್ಲಿ, ಸುಟ್ಟುಹೋದ ಮೋಟಾರುಗಳಿಗೆ ಮರುಜನ್ಮ ಕೊಡುವ, ದಗ್ಧತಾಮ್ರತಂತುಗಂಧಲಿಪ್ತಹಸ್ತನಾದ, ಬೋರ್‌ವೆಲ್ಲುಗಳ ಪ್ರಾಣದಾತನಾದ ಶಿವಪುತ್ರಪ್ಪನೆಂಬ ವೀರನಿದ್ದನು. ಅವನ ಮಗಳು ದಾನೇಶ್ವರಿಯನ್ನು ಮೈಸೂರಿನ ಪುಟ್ಟಮಾದಪ್ಪನ ಮಗನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಪುಟ್ಟಮಾದಪ್ಪನಾದರೋ ಅಗರಬತ್ತಿಯ ಅಂಗಡಿಯ ಒಡೆಯ, ನಿತ್ಯಧೂಪಧೂಮಾಚ್ಛಾದಿತಮಸ್ತಕ, ತಾನು ನಡೆದುಹೋದ ಬೀದಿಯಲ್ಲಿ ಎಷ್ಟೋ ಹೊತ್ತು ಮಲ್ಲಿಗೆಯ ಪರಿಮಳವನ್ನು ಬಿಟ್ಟುಹೋಗುವ ಮಹಾಪುರುಷ. ಹುಡುಗ ಹುಡುಗಿ ಒಪ್ಪಿದ್ದರು, ಜಾತಕ ಒಪ್ಪಿತ್ತು, ಸೀರೆಯ ಬಣ್ಣವೂ ಒಪ್ಪಿಗೆಯಾಗಿತ್ತು. ಒಪ್ಪದೆ ಉಳಿದದ್ದು ಒಂದೇ: ಮದುವೆ ಯಾವ ಊರಿನಲ್ಲಿ?

ಇದನ್ನು ತೀರ್ಮಾನಿಸಲೆಂದೇ ಪುಟ್ಟಮಾದಪ್ಪನು ಪತ್ನಿ ಸರ್ವಮಂಗಳಮ್ಮನೊಡನೆ ರಾತ್ರಿಯ ರೈಲೇರಿ ಬಂದಿದ್ದನು. ಸೂರ್ಯನು ಗುಮ್ಮಟದ ಹಿಂದಿನಿಂದ ಮೇಲೇಳುವಷ್ಟರಲ್ಲಿ, ಶಿವಪುತ್ರಪ್ಪನ ಪಡಸಾಲೆಯಲ್ಲಿ ಒಗ್ಗರಣೆಯ ಮಂಡಕ್ಕಿಯಾದ ಸುಸಲಾ ತಟ್ಟೆಗಳ ನಡುವೆ ಯುದ್ಧದ ಮೊದಲ ಶಂಖ ಮೊಳಗಿತು. ಮೈಸೂರಿನಲ್ಲಾದರೆ ಮದುವೆಗೆ ಬಂದ ನೆಂಟರು ತಾಳಿ ಕಟ್ಟಿದ ಮರುಗಳಿಗೆ ಅರಮನೆಗೆ ಹೋಗಬಹುದು, ಮೃಗಾಲಯಕ್ಕೆ ಹೋಗಬಹುದು, ಚಾಮುಂಡಿಬೆಟ್ಟ ಹತ್ತಬಹುದು, ಇಲ್ಲಿ ಬಂದವರು ಊಟ ಮಾಡಿ ಬಿಸಿಲನ್ನು ನೋಡಬೇಕೇ ಎಂಬುದು ಪುಟ್ಟಮಾದಪ್ಪನ ವಾದ.

ಶಿವಪುತ್ರಪ್ಪನ ಕಿವಿ ಕೆಂಪಾಯಿತು. ಅವನಿಗೆ ಊರಿನ ಅಭಿಮಾನ ಒಂದು ಕಡೆಯಾದರೆ, ಮೂಲೆಯ ಮಂಚದ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ ತಾಯಿ ಗುರುಬಾಯಿ ಮತ್ತೊಂದು ಕಡೆ. ಮೊಮ್ಮಗಳ ತಲೆಯ ಮೇಲೆ ಅಕ್ಷತೆ ನಿನ್ನ ಕೈಯಿಂದಲೇ ಬೀಳುತ್ತದೆ ಎಂದು ಅವನು ಅವಳಿಗೆ ಮಾತು ಕೊಟ್ಟಿದ್ದನು. ಆ ಮೊಣಕಾಲು ಹೊತ್ತುಕೊಂಡು ಮುದುಕಿ ಮೈಸೂರಿನವರೆಗೆ ಹೋಗುವುದುಂಟೇ? ಅವ್ವನಿಲ್ಲದ ಮದುವೆ ತನಗೆ ಮದುವೆಯೇ ಅಲ್ಲ ಎಂದು ಅವನು ಬೀಗರ ಮುಂದೆ ಕೈಜೋಡಿಸಿ ಹೇಳಿದನು. ಗುರುಬಾಯಿ ಏನೋ ಹೇಳಲು ಬಾಯಿ ತೆರೆದಳು. ಆದರೆ ವೀರರು ಮಾತಾಡುವಾಗ ಮೂಲೆಯ ಮಂಚದ ಮಾತು ಯಾವ ಯುಗದಲ್ಲಿ ಕೇಳಿಸಿದೆ?

ಆಗ ಪುಟ್ಟಮಾದಪ್ಪನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹೆಗಲಿನ ವಲ್ಲಿಯನ್ನು ಕೊಡವಿ, ದಿಕ್ಕುಗಳು ಸಾಕ್ಷಿಯಾಗುವಂತೆ ಭೀಷಣಪ್ರತಿಜ್ಞೆಯನ್ನು ಮಾಡಿದನು.

"ಬೀಗ್ರೇ, ನ್ಯಾಯವಾಗಿ ಹೇಳ್ತೀನಿ. ನಮ್ಮೂರಲ್ಲಿ ಇಲ್ದೇ ಇರೋದು ಒಂದೇ ಒಂದು, ನಿಮ್ಮೂರಲ್ಲಿ ತೋರ್ಸಿ. ಮದುವೆ ಇಲ್ಲೇ ಮಾಡಣ. ತೋರ್ಸಕ್ಕಾಗ್ಲಿಲ್ವಾ, ಮೈಸೂರಲ್ಲೇ."

"ಒಂದ್ಯಾಕ್ರೀ, ಟಾಂಗಾದಾಗ ಕೂಡ್ರಿ. ಎಣಿಸಾಕ ನಿಮ್ಮ ಬೆರಳ ಸಾಲಂಗಿಲ್ಲ," ಎಂದನು ಶಿವಪುತ್ರಪ್ಪ.

ಒಡನೆಯೇ ರಥವು ಸಿದ್ಧವಾಯಿತು. ತುರಾಯಿ ಕಟ್ಟಿದ, ಗೆಜ್ಜೆ ತೊಟ್ಟ, ಜಗತ್ತಿನ ಎಲ್ಲ ಬೀಗರನ್ನೂ ಎಳೆದು ವೈರಾಗ್ಯ ಹೊಂದಿದ ಮುಖದ ಬಿಳಿಯ ಕುದುರೆ. ಮುಂದಿನ ಆಸನದಲ್ಲಿ ವೀರರಿಬ್ಬರು. ಹಿಂದಿನ ಆಸನದಲ್ಲಿ, ಬಂದ ದಾರಿಯನ್ನಷ್ಟೇ ನೋಡುವ ಭಾಗ್ಯ ಪಡೆದ ಸರ್ವಮಂಗಳಮ್ಮ.

ಪ್ರಥಮ ರಣರಂಗವು ಇಬ್ರಾಹಿಂ ರೋಜಾ. ಕಲ್ಲನ್ನು ಬೆಣ್ಣೆಯೆಂದು ತಪ್ಪು ತಿಳಿದ ಶಿಲ್ಪಿಗಳು ಕೆತ್ತಿದಂಥ ಕಿಟಕಿಗಳು, ಅಕ್ಷರಗಳೇ ಜಾಲರಿಯಾಗಿ ಬೆಳಕನ್ನು ಸೋಸುವ ಗೋಡೆಗಳು. ಚಪ್ಪಲಿ ಬಿಟ್ಟು ಒಳಗೆ ಹೋದ ಪುಟ್ಟಮಾದಪ್ಪನ ಕಣ್ಣು ಒಂದು ಕ್ಷಣ ಅರಳಿದ್ದನ್ನು ಕವಿ ಕಂಡಿದ್ದಾನೆ; ಆದರೆ ಆ ಕಣ್ಣು ತಕ್ಷಣ ತನ್ನ ಕರ್ತವ್ಯವನ್ನು ನೆನೆದು ಕಿರಿದಾಯಿತು. ಚೆನ್ನಾಗಿದೆ, ಆದರೆ ದೀಪ ಹಾಕಿಲ್ಲವಲ್ಲ, ನಮ್ಮ ಅರಮನೆಗೆ ಭಾನುವಾರ ಸಂಜೆ ದೀಪ ಹಾಕಿದರೆ ಆಕಾಶದ ನಕ್ಷತ್ರಗಳು ನಾಚಿ ರಜೆ ಹಾಕುತ್ತವೆ ಎಂದು ಅವನು ನುಡಿದನು.

ಎರಡನೆಯದು ಮಲಿಕ್-ಎ-ಮೈದಾನ್ ತೋಪು. ಬಾಯಿ ತೆರೆದ ಸಿಂಹದ ಮುಖದ ಆ ಲೋಹಪರ್ವತವನ್ನು ಶಿವಪುತ್ರಪ್ಪನು ತನ್ನ ಸ್ವಂತ ವರ್ಕ್‌ಶಾಪಿನ ಮಾಲಿನಂತೆ ತಟ್ಟಿ ತೋರಿಸಿದನು. ಇಂಥ ಬಿಸಿಲಿನಲ್ಲೂ ಮುಟ್ಟಿದರೆ ತಣ್ಣಗಿರುತ್ತದೆ, ಕೈಯಿಟ್ಟು ನೋಡಿರೆಂದನು. ಪುಟ್ಟಮಾದಪ್ಪನು ಕೈಯಿಟ್ಟನು. ತಣ್ಣಗೇ ಇತ್ತು. ಇಟ್ಟ ಕೈಯನ್ನು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ಅಲ್ಲೇ ಇಟ್ಟುಕೊಂಡು, ನಮ್ಮ ಫಿರಂಗಿಗಳು ದಸರೆಯಲ್ಲಿ ಈಗಲೂ ಢಂ ಅನ್ನುತ್ತವೆ, ಇದು ಪೆನ್ಷನ್ ತೆಗೆದುಕೊಂಡು ಕೂತಿದೆ ಎಂದು ತೀರ್ಪಿತ್ತನು.

ಮೂರನೆಯ ರಂಗವಾದ ಬಾರಾ ಕಮಾನಿನಲ್ಲಿ, ಛಾವಣಿಯನ್ನೇ ಕಾಣದೆ ಶತಮಾನಗಳಿಂದ ಆಕಾಶವನ್ನು ಹೊತ್ತು ನಿಂತ ಕರಿಕಲ್ಲಿನ ಕಮಾನುಗಳ ಕೆಳಗೆ, ಕದನವು ಕೈಮೀರಿತು.

"ಅರ್ಧಕ್ಕೇ ನಿಲ್ಲಿಸ್ಬುಟ್ಟವ್ರಲ್ಲ ಬೀಗ್ರೇ. ಕಂಟ್ರಾಕ್ಟರ್ ಓಡೋದ್ನಾ?"

"ಪೂರಾ ಕಟ್ಟಿದ್ರ ನಿಮ್ಮ ಅರಮನಿ ನೋಡಾಕ ಯಾರ್ ಬರ್ತಿದ್ರು? ಪಾಪ ಅಂತ ಬಿಟ್ಟಾರ."

ಈ ಬಾಣವು ನೇರವಾಗಿ ಪುಟ್ಟಮಾದಪ್ಪನ ಎದೆಗೆ ನಾಟಿತು. ಶಾಲೆಯ ಬಸ್ಸು ಬಂದು ಹಾರ್ನ್ ಹೊಡೆಯುತ್ತಿರುವಾಗ ಎರಡನೆಯ ಕಾಲುಚೀಲ ಸಿಕ್ಕದ ತಾಯಿಯು ಯಾವ ಕಣ್ಣಿನಿಂದ ಮನೆಯನ್ನೂ, ಮಗುವನ್ನೂ, ಕಾಲುಚೀಲವನ್ನು ಕಂಡುಹಿಡಿದವನನ್ನೂ ನೋಡುವಳೋ, ಅದೇ ಕಣ್ಣಿನಿಂದ ಅವನು ಶಿವಪುತ್ರಪ್ಪನನ್ನು ನೋಡಿದನು.

ಹೀಗೆ ಶಿವಪುತ್ರಪ್ಪನ ಬತ್ತಳಿಕೆ ಬರಿದಾಗುತ್ತ ಬಂದು, ಕೊನೆಗೆ ಒಂದೇ ಅಸ್ತ್ರ ಉಳಿಯಿತು. ಅದು ಬ್ರಹ್ಮಾಸ್ತ್ರ, ಅದು ಗೋಲಗುಮ್ಮಟ. ಅದರ ನೆತ್ತಿಯ ಪಿಸುಮಾತಿನ ಪಡಸಾಲೆಯಲ್ಲಿ ಒಂದು ಮಗ್ಗುಲಿಗೆ ಗೋಡೆಗೆ ಬಾಯಿಟ್ಟು ಉಸುರಿದ ಮಾತು, ನಡುವಿನ ಪಾತಾಳವನ್ನು ಲೆಕ್ಕಿಸದೆ, ಆಚೆ ಮಗ್ಗುಲಿನವರ ಕಿವಿಗೆ ಹೋಗಿ ಬೀಳುತ್ತದೆ. ಇಂಥದ್ದು ಮೈಸೂರಿನಲ್ಲಿ ಎಲ್ಲಿಂದ ತಂದಾರು? ಅವ್ವನ ಕೈಯ ಅಕ್ಷತೆ ಈಗ ಆ ಒಂದು ಗೋಡೆಯ ಮೇಲೆ ನಿಂತಿತ್ತು.

ಆದರೆ ಸತ್ಯವನ್ನು ಮುಚ್ಚಿಡುವುದು ಕವಿಧರ್ಮವಲ್ಲ. ದಿನವೂ ಅಂಗಡಿಯ ಬಾಗಿಲು ತೆರೆಯುವಾಗ ಈ ಗುಮ್ಮಟದ ಮುಖವನ್ನೇ ನೋಡುತ್ತಿದ್ದ ಶಿವಪುತ್ರಪ್ಪನು, ಅದನ್ನು ಹತ್ತಿದ್ದು ಅರ್ಧ ಚಡ್ಡಿಯ ಕಾಲದಲ್ಲಿ ಒಮ್ಮೆ ಮಾತ್ರ. ಮನೆಯ ಮುಂದೆಯೇ ಇದ್ದದ್ದು ಎಲ್ಲಿಗೆ ಓಡಿಹೋಗುತ್ತದೆ ಎಂದು ಅವನು ಬಿಟ್ಟಿದ್ದನು. ಓಡಿಹೋದದ್ದು ಅವನ ದಮ್ಮು. ಮೂಲೆಯ ಗೋಪುರದೊಳಗಿನ ಸುರುಳಿ ಮೆಟ್ಟಿಲುಗಳಲ್ಲಿ, ಒಂದೊಂದು ಅಂತಸ್ತಿಗೂ ಕಿಟಕಿಯ ಬಳಿ ನಿಂತು, "ಇಲ್ಲಿಂದ ಊರು ಭಾರಿ ಕಾಣ್ತದ ನೋಡ್ರಿ" ಎಂದು ಊರಿನ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದನು. ಪುಟ್ಟಮಾದಪ್ಪನೂ ಎಂದಿಲ್ಲದ ಆಸಕ್ತಿಯಿಂದ ಊರನ್ನು ನೋಡುತ್ತಿದ್ದನು, ಏಕೆಂದರೆ ಅವನ ಉಸಿರೂ ಅದೇ ಊರಿನಲ್ಲಿತ್ತು. ಸರ್ವಮಂಗಳಮ್ಮನಂತೂ ಇಬ್ಬರಿಗಿಂತ ಒಂದು ಅಂತಸ್ತು ಕೆಳಗೆ ಉಳಿದಿದ್ದಳು. ಆದ್ದರಿಂದ ಗೋಡೆಯ ಮಹಿಮೆಯನ್ನು ಶಿವಪುತ್ರಪ್ಪನು ಮೇಲೆ ವರ್ಣಿಸಿದಾಗ ಅವಳ ಕಿವಿಗೆ ಒಂದಕ್ಷರವೂ ಬೀಳಲಿಲ್ಲ. ಓದುಗರು ಇದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಬೇಕು.

ಮೇಲೆ ಹೋಗಿ ನೋಡಿದರೆ, ಹಾ ವಿಧಿಯೇ, ಪಡಸಾಲೆಯ ತುಂಬ ಯಾವುದೋ ಶಾಲೆಯ ಪ್ರವಾಸಿ ಸೈನ್ಯ. ಒಬ್ಬನು ಕೂ ಎಂದರೆ ಗುಮ್ಮಟವು ಹಲವು ಬಾರಿ ಕೂ ಎಂದಿತು. ನೂರು ಜನ ಕೂ ಎಂದಾಗ ಏನಾಯಿತೆಂಬುದನ್ನು ಹೇಳಲು ಆದಿಶೇಷನಿಗೂ ನಾಲಿಗೆ ಸಾಲದು. ಪಾರಿವಾಳಗಳು ಎದ್ದವು. ಈ ಗದ್ದಲದಲ್ಲಿ ಪಿಸುಮಾತಲ್ಲ, ಮಲಿಕ್-ಎ-ಮೈದಾನ್ ಸಿಡಿದರೂ ಕೇಳಿಸುವಂತಿರಲಿಲ್ಲ. ಇಂಥ ಸದ್ದು ತಮ್ಮ ಮಾರುಕಟ್ಟೆಯಲ್ಲೂ ಉಂಟು ಎಂದು ಪುಟ್ಟಮಾದಪ್ಪನು ಮುಗುಳ್ನಕ್ಕನು.

ಶಿವಪುತ್ರಪ್ಪನು ಎದೆಯ ತುಂಬ ಗಾಳಿ ತುಂಬಿಕೊಂಡು, ಜೀವನದಲ್ಲಿ ಒಮ್ಮೆ ಮಾತ್ರ ಕೂಗಬಲ್ಲಂಥ ಕೂಗನ್ನು ಕೂಗಿದನು: "ಸುಮ್ಮಕಿರ್ರೋ!" ಗುಮ್ಮಟವು ಅದನ್ನು ಹಿಡಿದು, ಅತ್ತಿತ್ತ ಎಸೆದು, ಸುಮ್ಮಕಿರ್ರೋ ಸುಮ್ಮಕಿರ್ರೋ ಎಂದು ಅವನಿಗೇ ಎಷ್ಟೋ ಸಲ ಹಿಂದಿರುಗಿಸಿತು. ಮಕ್ಕಳು ಬಾಯಿಗೆ ಕೈ ಅಡ್ಡಹಿಡಿದು ಮೂಕವಾದವು. ಅವರ ಮೇಷ್ಟ್ರು, ತಮ್ಮಿಂದ ಬೆಳಗಿನಿಂದ ಆಗದ ಕೆಲಸವನ್ನು ಮಾಡಿದ ಈ ಅಪರಿಚಿತನಿಗೆ ಮನಸ್ಸಿನಲ್ಲೇ ನಮಿಸಿ, ಸೈನ್ಯವನ್ನು ಸಾಲು ಮಾಡಿ ಇಳಿಸಿಕೊಂಡು ಹೋದರು.

ನಿಶ್ಶಬ್ದವಾಯಿತು. ವೀರರು ಎದುರುಬದುರು ಮಗ್ಗುಲುಗಳಿಗೆ ಹೋಗಿ ನಿಂತರು. ನಡುವೆ ತಳ ಕಾಣದ ಶೂನ್ಯ. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಸರ್ವಮಂಗಳಮ್ಮ, ಇಬ್ಬರ ಗೊಡವೆಯೂ ಬೇಡವೆಂದು, ಬಾಗಿಲ ಬಳಿಯೇ ಗೋಡೆಗೆ ತಲೆಯಾನಿಸಿ ಕೂತುಬಿಟ್ಟಳು.

ಶಿವಪುತ್ರಪ್ಪನು ಗೋಡೆಗೆ ಬಾಯಿ ತಂದು, ಹೂವಿನ ಮೇಲೆ ಉಸಿರಾಡುವಷ್ಟು ಮೃದುವಾಗಿ ನುಡಿದನು: "ಬೀಗರ, ಹಗೂರ ಮಾತಾಡ್ರಿ."

ಅಯ್ಯೋ, ಒಂದೇ ಭಾಷೆಯ ಎರಡು ಊರುಗಳೇ! ವಿಜಯಪುರದಲ್ಲಿ ಹಗೂರ ಎಂದರೆ ಮೆಲ್ಲಗೆ. ಮಗುವಿಗೆ ಹಗೂರ ನಡಿ ಅನ್ನುತ್ತಾರೆ, ಬಿಸಿ ಚಹಾ ಕೊಟ್ಟು ಹಗೂರ ಕುಡಿ ಅನ್ನುತ್ತಾರೆ. ಮೈಸೂರಿನಲ್ಲಾದರೋ ಹಗುರವಾಗಿ ಮಾತಾಡುವುದೆಂದರೆ ನಾಲಿಗೆಗೆ ಲಗಾಮಿಲ್ಲದೆ ಆಡುವುದು, ಮಾನ ಬಿಟ್ಟು ಆಡುವುದು. ಪಾಪದ ಗೋಡೆಗೆ ಶಬ್ದವನ್ನು ದಾಟಿಸಲು ಗೊತ್ತಿತ್ತೇ ಹೊರತು ಅರ್ಥವನ್ನು ದಾಟಿಸಲು ಗೊತ್ತಿರಲಿಲ್ಲ.

ಆಚೆ ಮಗ್ಗುಲಿನಲ್ಲಿ ಪುಟ್ಟಮಾದಪ್ಪನ ಮೀಸೆ ನಿಮಿರಿತು.

"ಯಾರ್ರೀ ಹಗುರವಾಗಿ ಮಾತಾಡೋರು? ನಮ್ಮ ವಂಶದಲ್ಲೇ ಯಾರೂ ಹಗುರವಾಗಿ ಮಾತಾಡಿಲ್ಲ."

ಮಾತಾಡಿಲ್ಲ, ಮಾತಾಡಿಲ್ಲ ಎಂದು ಗುಮ್ಮಟವು ಆ ವಂಶದ ಪರವಾಗಿ ಸಾಕ್ಷಿ ನುಡಿಯಿತು. ಕಿವಿ ಗುಯ್‌ಗುಟ್ಟಿದ ಶಿವಪುತ್ರಪ್ಪನು ಅತ್ಯಂತ ಸದ್ಭಾವದಿಂದ ಮತ್ತೆ ಗೋಡೆಗೆ ಬಾಗಿದನು.

"ಅದಕ್ಕ ಹೇಳಾಕತ್ತೇನ್ರಿ. ಇನ್ನರೆ ಹಗೂರ ಮಾತಾಡ್ರಿ."

ಇದು ತುಪ್ಪದಂತೆ ಬೆಂಕಿಗೆ ಬಿತ್ತು. ಹೆಣ್ಣು ಕೊಡುವವರು ಹೀಗೆ ಅನ್ನುವುದುಂಟೇ, ಇನ್ನು ನೋಡುವುದೇನೂ ಉಳಿದಿಲ್ಲ, ಮದುವೆಯಾದರೆ ಮೈಸೂರಿನಲ್ಲಿ, ಇಲ್ಲವಾದರೆ ಇವತ್ತಿನ ರೈಲಿಗೇ ತಾನು ಹೊರಟೆ ಎಂದು ಪುಟ್ಟಮಾದಪ್ಪನು ಗರ್ಜಿಸಿದನು. ಹೊರಟೆ, ಹೊರಟೆ, ಹೊರಟೆ ಎಂದಿತು ಗುಮ್ಮಟ. ಶಿವಪುತ್ರಪ್ಪನಿಗೆ ಅಕ್ಷತೆಯ ಮಾತು ನೆನಪಾಯಿತು. ಊರು ಸೋತರೆ ಸೋಲಲಿ. ಅವ್ವನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಮಗಳಿಗೆ ಏನೆನ್ನುವುದು? ಅವನು ಗೋಡೆಗೆ ಕಿವಿ ಕೊಟ್ಟು ನಿಂತನು.

ಆ ಮೌನದೊಳಗೆ, ಯಾರಿಗೂ ಕೇಳಿಸುವುದಿಲ್ಲವೆಂಬ ನೆಚ್ಚಿಕೆಯಲ್ಲಿ, ಸರ್ವಮಂಗಳಮ್ಮ ಗೋಡೆಗೆ ಮುಖ ತಿರುಗಿಸಿ ತನ್ನಷ್ಟಕ್ಕೆ ಗೊಣಗಿಕೊಂಡಳು.

"ಮೈಸೂರಂತೆ ಮೈಸೂರು. ಮದುವೆಯಾದಾಗ್ನಿಂದ ಕೇಳ್ಕೊಂಡೆ, ಅರಮನೆ ಒಳಕ್ಕೆ ಒಂದ್ಸಲ ಕರ್ಕೊಂಡೋಗಿ ಅಂತ. ಎಲ್ಲೋಯ್ತದೆ ಅರಮನೆ, ನಾಳೆ ನೋಡಣ ಅಂದ್ರು. ತಾವಾದ್ರೂ ನೋಡವ್ರಾ ಅಂದ್ರೆ ಅದೂ ಇಲ್ಲ. ರಸ್ತೇಲಿ ನಿಂತು ದೀಪ ನೋಡ್ಕೊಂಡು ಬಂದು ಊರೆಲ್ಲ ಹೊಗಳ್ತಾರೆ."

ಗೋಡೆಯು ಈ ಮಾತನ್ನು ಒಂದಕ್ಷರ ಉದುರಿಸದೆ, ಒಂದು ನಿಟ್ಟುಸಿರನ್ನೂ ಕಳೆಯದೆ, ಇಬ್ಬರು ವೀರರ ಕಿವಿಗೂ ತಂದು ಸುರಿಯಿತು.

ಪುಟ್ಟಮಾದಪ್ಪನು ಮೊದಲು ಮೇಲೆ ನೋಡಿದನು, ಆಮೇಲೆ ಕೆಳಗೆ ನೋಡಿದನು, ಹೆಂಡತಿ ಇದ್ದ ದಿಕ್ಕೊಂದನ್ನು ಬಿಟ್ಟು ಉಳಿದ ಏಳೂ ದಿಕ್ಕುಗಳನ್ನು ನೋಡಿದನು. ಆಗ ಗೋಡೆಯಲ್ಲಿ ಶಿವಪುತ್ರಪ್ಪನ ದನಿ, ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ದನಿ, ಮೆಲ್ಲಗೆ ಬಂತು.

"ಬೀಗರ, ಸಿಟ್ಟಾಗಬ್ಯಾಡ್ರಿ. ನಾನೂ ಸಣ್ಣಾವಿದ್ದಾಗ ಈ ಗುಮ್ಮಟ ಹತ್ತಿದಾವ, ಇವತ್ತ ಹತ್ತೀನಿ. ಹಗೂರ ಅಂದ್ರ ಮೆಲ್ಲಕ ಅಂತರೀ ನಮ್ಮಲ್ಲಿ."

ಮೈಸೂರಿನ ಮಹಾರಥನು ಗೋಡೆಗೆ ಬಾಯಿಟ್ಟು, ಜೀವಮಾನದಲ್ಲಿ ಮೊದಲ ಬಾರಿಗೆ ಹಗೂರ ನುಡಿದನು.

"ಮದುವೆ ಇಲ್ಲೇ ಮಾಡಣ ಬೀಗ್ರೇ. ಇಂಥಾ ಗೋಡೆ ನಮ್ಮೂರಲ್ಲಿಲ್ಲ. ಇದ್ದಿದ್ರೆ ನಾನು ಉಳೀತಿರ್ಲಿಲ್ಲ."

ಹೀಗೆ ವಿಜಯಪುರವು ಗೆದ್ದಿತು. ಗೆದ್ದ ವೀರನು ಟಾಂಗಾವನ್ನು ಹಾರಿಸಿಕೊಂಡು ಬಂದು, ಚಪ್ಪಲಿಯನ್ನೂ ಬಿಡದೆ ಪಡಸಾಲೆಗೆ ನುಗ್ಗಿ, ತಾಯಿಯ ಮಂಚದ ಕಾಲಿಗೆ ಕೈಮುಟ್ಟಿ, ಅವ್ವಾ, ಬೀಗರು ಒಪ್ಪಿದರು, ಮದುವೆ ಇಲ್ಲೇ, ನೀನು ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಸಾರಿದನು.

ಗುರುಬಾಯಿ ಬೆಳಗಿನಿಂದ ತೆರೆದಿಟ್ಟಿದ್ದ ಬಾಯಿಯನ್ನು ಈಗ ಪೂರ್ತಿ ತೆರೆದಳು.

"ಯಾರ್ ಹೇಳಿದ್ರೋ ನಿನಗ? ರೈಲಿನ್ಯಾಗ ಮಲಕೊಂಡ ಹೋಗಾಕ ಮೊಣಕಾಲ ಯಾಕ ಬೇಕು? ಹುಟ್ಟಿದಾಗಿಂದ ಆ ಗುಮ್ಮಟ ನೋಡಿ ನೋಡಿ ಕಣ್ಣ ಗುಂಡಗಾಗ್ಯಾವು. ಮೊಮ್ಮಗಳ ಮದುವಿ ನೆವದಾಗರೆ ಅರಮನಿ ನೋಡೂಣು ಅಂತ ಚೀಲ ತುಂಬಿ ಇಟ್ಟೀನಿ."

ಮಂಚದ ಕೆಳಗೆ ನಿಜವಾಗಿಯೂ ಒಂದು ಚೀಲವಿತ್ತು. ಅದರ ಬಾಯಲ್ಲಿ ಎಣ್ಣೆಯ ಸೀಸೆ, ಮಡಿಸಿದ ಇಳಕಲ್ ಸೀರೆ.

ವೀರರಿಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಆಡಿದ ಪ್ರತಿಜ್ಞೆಯನ್ನು ಹಿಂದೆಗೆಯಲು ಒಬ್ಬನಿಗೆ ಬಾರದು. ಗೆದ್ದ ಯುದ್ಧವನ್ನು ಸೋಲಲು ಇನ್ನೊಬ್ಬನಿಗೆ ಬಾರದು. ಕೊನೆಗೆ ಸರ್ವಮಂಗಳಮ್ಮನೇ ಮಂಚದ ತುದಿಗೆ ಕೂತು, ಮುದುಕಿಯ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಮದುವೆ ಇಲ್ಲೇ ಆಗ್ಲಿ ಅಜ್ಜಮ್ಮ. ಮೊಮ್ಮಗಳನ್ನ ಮನೆ ತುಂಬ್ಸಕ್ಕೆ ನಮ್ಮೂರಿಗೆ ಬರ್ತೀರಲ್ಲ, ಆಗ ನಾವಿಬ್ರೂ ಅರಮನೆ ಒಳಕ್ಕೆ ಹೋಗಣ. ನಂಗೂ ಅದೇ ಮೊದಲ್ನೇ ಸಲ."

"ಒಳಗ ಚಪ್ಲಿ ಹಾಕ್ಕೊಂಡ ಬಿಡ್ತಾರೇನ?" ಎಂದು ಗುರುಬಾಯಿ ವಿಚಾರಿಸಿದಳು.

ಬಿಡುವುದಿಲ್ಲವೆಂದು ಸರ್ವಮಂಗಳಮ್ಮ ಹೇಳಿದಳು. ಹಾಗಾದರೆ ಚಪ್ಪಲಿ ಕಾಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಹೆಂಗಸರಿಬ್ಬರೂ ಏಕಕಾಲಕ್ಕೆ ವೀರರಿಬ್ಬರತ್ತ ತಿರುಗಿ ನೋಡಿದರು, ಅಷ್ಟೆ.

ಈ ಕಥೆಯನ್ನು ಕೇಳಿದವರಿಗೆ ಬರುವ ಭಾನುವಾರವಾದರೂ ತಮ್ಮೂರನ್ನು ನೋಡುವ ಬುದ್ಧಿ ಬರಲಿ. ಗೋಡೆಯ ಬಳಿ ಗೊಣಗುವವರ ಇಷ್ಟಾರ್ಥ ಸಿದ್ಧಿಸಲಿ. ಪ್ರತಿಜ್ಞಾಭೀಷಣನಾದ ಪುಟ್ಟಮಾದಪ್ಪನೂ ಗುಮ್ಮಟಗರ್ಜನನಾದ ಶಿವಪುತ್ರಪ್ಪನೂ ಅಂದು ಸಂಜೆ ಕಟ್ಟೆಯ ಮೇಲೆ ಒತ್ತಾಗಿ ಕೂತು, ಒಳಗಿನವರಿಗೆ ಕೇಳಿಸದಂತೆ ಹಗೂರ, ನಾಲ್ಕು ಚಪ್ಪಲಿಗಳನ್ನು ಅರಮನೆಯ ಯಾವ ಮಗ್ಗುಲಿನ ನೆರಳಿನಲ್ಲಿ ಇಟ್ಟುಕೊಂಡು ಕೂರುವುದೆಂದು ಮಾತಾಡಿಕೊಂಡರು.